ಬೆಳಗ್ಗಿನ ತಿಂಡಿಗೆ ಕಾಳು: ಕೆಲಸವೆಲ್ಲ ಹಿಂದಿನ ರಾತ್ರಿಯದ್ದೇ

ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ‘ರಾತ್ರಿಯಿಡೀ ನೆನೆಸಿದ್ದೆ, ಹತ್ತು ಸೀಟಿ ಕೂಗಿಸಿದೆ, ಆದರೂ ಕಡಲೆ ಬೇಯಲಿಲ್ಲ, ಯಾಕೆ?’ ‘ಬೆಳಿಗ್ಗೆ ಬೆಳಿಗ್ಗೆ ಕಾಳು ತಿಂದರೆ ಹೊಟ್ಟೆ ಉಬ್ಬರಿಸುವುದಿಲ್ಲವಾ?’ ‘ಸಕ್ಕರೆ ಕಾಯಿಲೆಯವರು ದೋಸೆ ಬಿಟ್ಟು ಕಾಳು ತಿಂದರೆ ಆದೀತಾ?’ ಒಬ್ಬೊಬ್ಬರಿಗೆ ತುಂಡು ತುಂಡಾಗಿ ಹೇಳುವುದಕ್ಕಿಂತ ಒಂದೇ ಕಡೆ ಬರೆದುಬಿಡುತ್ತೇನೆ.

ನಮ್ಮ ಕಾಸರಗೋಡಿನವರಿಗೆ ಕಾಳಿನ ತಿಂಡಿ ಹೊಸತೇನಲ್ಲ. ಹೊಸದುರ್ಗದ ಕಡೆ ಯಾವ ಸಣ್ಣ ಹೋಟೆಲಿಗೆ ಹೋದರೂ ಪುಟ್ಟಿನ ಪಕ್ಕದಲ್ಲಿ ಕಡಲೆ ಇರುತ್ತದೆ. ಕುಂಬಳೆ ದಾಟಿ ಮಂಜೇಶ್ವರದತ್ತ ಬಂದರೆ ಅದೇ ಕಡಲೆ ಅವಲಕ್ಕಿಯ ಮೇಲೆ ಕೂರುತ್ತದೆ. ತೋಟದ ಕೆಲಸಕ್ಕೆ ಹೋಗುವವರಿಗೆ ಗಂಜಿಯೊಟ್ಟಿಗೆ ಹೆಸರಿನ ಪಲ್ಯ. ಈಜಿಪ್ಟಿನವರು, ನೈಜೀರಿಯದವರು, ಬರ್ಮಾದವರು, ಕೋಸ್ಟರಿಕದವರು ಕೂಡ ಬೆಳಿಗ್ಗೆ ತಿನ್ನುವುದು ಕಾಳನ್ನೇ. ಅವರ ಕ್ರಮ ನೋಡಿದರೆ ಒಂದು ವಿಷಯ ಎಲ್ಲ ಕಡೆಯೂ ಸಮಾನ: ತಿಂಡಿ ತಯಾರಾಗುವುದು ರಾತ್ರಿ, ಬೆಳಿಗ್ಗೆ ಇರುವುದು ಹದಿನೈದು ನಿಮಿಷದ ಕೆಲಸ. ಕಾಳು ಕೈಕೊಟ್ಟಿತು ಎಂದು ಹೇಳುವವರಲ್ಲಿ ಹೆಚ್ಚಿನವರು ತಪ್ಪಿದ್ದು ರಾತ್ರಿಯ ಕೆಲಸದಲ್ಲಿ. ಅದಕ್ಕೇ ಈ ಬರಹದಲ್ಲೂ ರಾತ್ರಿಗೇ ಜಾಸ್ತಿ ಜಾಗ.

ಬೇಕಾದದ್ದು ಇಷ್ಟು: ಕಾಳು, ದೊಡ್ಡ ಪಾತ್ರೆ, ಕುಕ್ಕರ್, ಉಪ್ಪು, ಮೊಳಕೆ ಕಟ್ಟಲು ಒಂದು ತೆಳು ಬಟ್ಟೆ. ಒಬ್ಬರಿಗೆ ಒಂದು ಹಿಡಿ ಒಣಕಾಳು, ಅಂದರೆ ಸುಮಾರು 40–50 ಗ್ರಾಂ ಸಾಕು. ಬೆಂದಾಗ ಅದು ಎರಡು–ಎರಡೂವರೆ ಪಟ್ಟು ಆಗುತ್ತದೆ. ಮೊದಲ ಸಲ ಮಾಡುವವರು ಇದನ್ನು ಮರೆತು ಒಂದು ಸೇರು ನೆನೆಸಿಟ್ಟು, ಆಮೇಲೆ ಮೂರು ದಿನ ಮನೆಯವರಿಗೆಲ್ಲ ಅದನ್ನೇ ತಿನ್ನಿಸುತ್ತಾರೆ.

1. ಅಂಗಡಿಯಲ್ಲಿ ಸರಿಯಾದ ಕಾಳು ಕೇಳುವುದು

ಗಡಿಯೂರಿನ ಅಂಗಡಿಯಲ್ಲಿ ಇದೇ ಮೊದಲ ಪರೀಕ್ಷೆ. ನಾವು ಹೆಸರು ಎಂದರೆ ತುಳುವಿನಲ್ಲಿ ಪದೆಂಗಿ, ಮಲಯಾಳದಲ್ಲಿ ಚೆರುಪಯರ್. ನಮ್ಮ ಹುರುಳಿ ತುಳುವರಿಗೆ ಕುಡು, ಮಲಯಾಳಿಗಳಿಗೆ ಮುದಿರ. ಕೆಂಪು ಅಲಸಂಡೆ ಬೇಕಿದ್ದರೆ ವನ್‌ಪಯರ್ ಎಂದು ಕೇಳಬೇಕು. ಬರೀ ‘ಪಯರ್’ ಎಂದರೆ ಹೆಸರೂ ಬಂದೀತು, ಅಲಸಂಡೆಯೂ ಬಂದೀತು. ಕಡಲೆಗೆ ಮಾತ್ರ ಕಷ್ಟವಿಲ್ಲ, ಅಲ್ಲಿ ಕಡಲ, ಇಲ್ಲಿ ಕಡಲೆ. ಆದರೆ ಪುಟ್ಟಿಗೂ ಅವಲಕ್ಕಿಗೂ ಬೇಕಾದದ್ದು ಸಣ್ಣ ಕಂದು ಕಡಲೆ. ದೊಡ್ಡ ಬಿಳಿಯದ್ದು ಕಾಬೂಲಿ ಕಡಲೆ, ಅದು ಛೋಲೆಗೆ.

ಕೊಳ್ಳುವಾಗ ಒಂದು ಹಿಡಿ ಅಂಗೈಗೆ ಸುರಿದು ನೋಡಿ. ಚಿಕ್ಕ ತೂತಿದ್ದರೆ, ಹಿಟ್ಟಿನಂಥ ಪುಡಿ ಉದುರಿದರೆ ಬೇಡ. ಸಿಪ್ಪೆ ಮಂಕಾಗಿ ಸುಕ್ಕುಗಟ್ಟಿದ್ದರೆ ಅದು ಹಳೆಯ ದಾಸ್ತಾನು. ‘ಬೇಯಲೇ ಇಲ್ಲ’ ಎನ್ನುವ ದೂರಿನ ಬಹುಪಾಲು ಇಲ್ಲಿಂದಲೇ ಶುರು. ಸೆಕೆ ಮತ್ತು ತೇವ ಎರಡೂ ಇರುವಲ್ಲಿ ತಿಂಗಳುಗಟ್ಟಲೆ ಕೂತ ಕಾಳು ಒಳಗೊಳಗೇ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಹೊತ್ತು ಒಲೆಯ ಮೇಲಿಟ್ಟರೂ ಹೊರಗೆ ಒಡೆದು ಒಳಗೆ ಕಲ್ಲಾಗಿಯೇ ಇರುತ್ತದೆ. ನಮ್ಮ ಕರಾವಳಿಗಿಂತ ಸೆಕೆ–ತೇವ ಎಲ್ಲಿ ಸಿಕ್ಕೀತು? ಆರು ತಿಂಗಳಿಗಾಗುವಷ್ಟು ತಂದಿಡಬೇಡಿ. ಹಳೆಯ ಡಬ್ಬಿಯ ತಳದಲ್ಲಿ ಉಳಿದದ್ದರ ಮೇಲೆ ಹೊಸದನ್ನು ಸುರಿಯಲೂಬೇಡಿ. ಹೊಸದು ಬೆಂದು ಕರಗುವಾಗ ಹಳೆಯದು ಹಲ್ಲಿಗೆ ಸಿಗುತ್ತದೆ.

ಒಣ ಬಟಾಣಿ ತೆಗೆದುಕೊಳ್ಳುವವರಿಗೆ ಒಂದು ಮಾತು: ಕಣ್ಣು ಕುಕ್ಕುವ ಹಸಿರು ಬಟಾಣಿಯನ್ನು ಅರ್ಧ ಗಂಟೆ ನೀರಿನಲ್ಲಿಟ್ಟು ನೋಡಿ. ನೀರು ಹಸಿರಾದರೆ ಬಣ್ಣ ಹಾಕಿದ್ದಾರೆ ಎಂದು ಲೆಕ್ಕ. ಬಿಳಿ ಬಟಾಣಿ ತಂದರೆ ಈ ತಲೆಬಿಸಿ ಇಲ್ಲ.

2. ನೆನೆಸುವುದು

ಕಾಳು ಆರಿಸಿ, ಎರಡು ಸಲ ತೊಳೆದು, ಮೂರು ಪಟ್ಟು ನೀರು ಹಾಕಿ. ಕಡಲೆಗೆ 8–10 ಗಂಟೆ, ಹುರುಳಿಗೆ 10–12, ಹೆಸರಿಗೆ 6–8, ಅಲಸಂಡೆಗೆ 5–6 ಗಂಟೆ ಸಾಕು.

ಸೆಕೆ ಕಾಲದಲ್ಲಿ ಇಲ್ಲಿ ಜನ ಎಡವುತ್ತಾರೆ. ಏಪ್ರಿಲ್–ಮೇ ತಿಂಗಳಲ್ಲಿ ಸಂಜೆ ಆರಕ್ಕೇ ನೆನೆಸಿಟ್ಟರೆ ಬೆಳಿಗ್ಗೆ ಮುಚ್ಚಳ ತೆಗೆಯುವಾಗ ನೀರಿನ ಮೇಲೆ ನೊರೆ, ಕೈಗೆ ಲೋಳೆ, ಮೂಗಿಗೆ ಹುಳಿ ವಾಸನೆ. ಆ ದಿನಗಳಲ್ಲಿ ಮಲಗುವ ಮೊದಲು ನೆನೆಸಿ, ಇಲ್ಲವೇ ಪಾತ್ರೆಯನ್ನು ಫ್ರಿಜ್ಜಿನಲ್ಲಿಡಿ. ಆಟಿಯ ಮಳೆಗೆ ಲೆಕ್ಕ ತಿರುಗುಮುರುಗು: ಅದೇ ಕಡಲೆಗೆ ಎರಡು ಗಂಟೆ ಹೆಚ್ಚು ಬೇಕಾಗುತ್ತದೆ. ಒಂದು ಕಾಳನ್ನು ಉಗುರಿನಿಂದ ಸೀಳಿ ನೋಡಿ. ನಡುವೆ ಬಣ್ಣ ಬೇರೆಯಾಗಿ ಒಣಗಿದ ಗುರುತು ಕಂಡರೆ ಇನ್ನೂ ನೆನೆಯಬೇಕು.

ನೆನೆಸುವ ನೀರಿಗೆ ಉಪ್ಪು ಹಾಕಬಾರದು ಎಂದು ನಮ್ಮಲ್ಲಿ ಹೇಳುತ್ತಾ ಬಂದಿದ್ದಾರೆ. ನಾನೂ ನಂಬಿಕೊಂಡಿದ್ದೆ. ಆದರೆ ನಿಜ ಇದಕ್ಕೆ ಉಲ್ಟಾ. ಕಾಳಿನ ಸಿಪ್ಪೆ ಗಟ್ಟಿಯಾಗಿರುವುದು ಪೆಕ್ಟಿನ್ ಎಂಬ ಅಂಟಿನಿಂದ, ಹಣ್ಣಿನ ಜಾಮನ್ನು ಗಟ್ಟಿ ಮಾಡುವುದೂ ಅದೇ. ಆ ಅಂಟನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಗಿಯಾಗಿ ಹಿಡಿದಿರುತ್ತವೆ. ಉಪ್ಪಿನಲ್ಲಿರುವ ಸೋಡಿಯಂ ಅವುಗಳ ಜಾಗಕ್ಕೆ ಬಂದು ಕೂತರೆ ಸಿಪ್ಪೆ ಮೆತ್ತಗಾಗುತ್ತದೆ. ಒಂದು ಲೀಟರ್ ನೀರಿಗೆ ಎರಡು ಸಣ್ಣ ಚಮಚ ಉಪ್ಪು ಹಾಕಿ ಕಡಲೆ ನೆನೆಸಿ, ಬೇಯಿಸಿ, ಆಮೇಲೆ ಹೇಳಿ. ಮೊಳಕೆ ಬರಿಸುವುದಿದ್ದರೆ ಮಾತ್ರ ಉಪ್ಪು ಬೇಡ. ಕೆಲವು ಬೋರ್‌ವೆಲ್‌ಗಳ ಗಡಸು ನೀರಿನಲ್ಲಿ ಕಾಳು ಬೇಯಲು ಸತಾಯಿಸುವುದಕ್ಕೂ ಇದೇ ಕ್ಯಾಲ್ಸಿಯಂ–ಮೆಗ್ನೀಸಿಯಂ ಕಾರಣ. ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನೀರಿನ ದಾರಿ) ನೀರೋ ಬಾವಿಯ ನೀರೋ ಇರುವ ಮನೆಯವರು ಕಾಳಿಗಾದರೂ ಅದನ್ನೇ ಬಳಸಿ.

ಬೆಳಿಗ್ಗೆ ನೆನೆಸಿದ ನೀರನ್ನು ಚೆಲ್ಲಿ. ‘ಸತ್ವ ಹೋಗುತ್ತದೆ’ ಎಂದು ಉಳಿಸಿಕೊಳ್ಳುವವರೇ ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂರುವುದು. ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳುಂಟು. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ. ಹೊಟ್ಟೆಯ ಗುಡುಗುಡು ಅದರದ್ದೇ. ನೆನೆಸಿದ ನೀರಿಗೆ ಆ ಸಕ್ಕರೆಯ ಒಂದು ಪಾಲು ಇಳಿದಿರುತ್ತದೆ. ಮೊಳಕೆ ಬಂದರೆ ಇನ್ನಷ್ಟು ಕಡಿಮೆ, ಯಾಕೆಂದರೆ ಬೆಳೆಯುವ ಮೊಳಕೆ ತನ್ನ ಖರ್ಚಿಗೆ ಅದನ್ನೇ ಬಳಸುತ್ತದೆ.

3. ಮೊಳಕೆ (ಬೇಕಿದ್ದರೆ)

ನೆನೆದ ಹೆಸರನ್ನು ಬಸಿದು ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ನೇತುಹಾಕಿ. ಸೆಕೆಯಲ್ಲಿ 12 ಗಂಟೆ, ಮಳೆಗಾಲದಲ್ಲಿ ಒಂದು ಪೂರ್ತಿ ದಿನ. ಅಕ್ಕಿಕಾಳಿನಷ್ಟು ಉದ್ದ ಮೊಳಕೆ ಬಂದರೆ ಸಾಕು. ಬಿಗಿಯಾಗಿ ಕಟ್ಟಿದರೆ ಒಳಗೆ ಬಿಸಿಯಾಗಿ ಕೊಳೆಯುತ್ತದೆ. ಕಾಳಿಗೆ ಹಿತವಾದ ಬಿಸಿ–ತೇವ ರೋಗಾಣುಗಳಿಗೂ ಹಿತ, ಆದ್ದರಿಂದ ನಮ್ಮ ಹವೆಗೆ ಹಸಿ ಮೊಳಕೆ ತಿನ್ನುವುದನ್ನು ನಾನು ಹೇಳುವುದಿಲ್ಲ. ಐದು ನಿಮಿಷ ಆವಿಯಲ್ಲಿಡಿ. ಮಕ್ಕಳು, ಬಸುರಿಯರು ಇರುವ ಮನೆಯಲ್ಲಂತೂ ಖಂಡಿತ.

4. ಬೇಯಿಸುವುದು

ಕುಕ್ಕರಿನ ಅರ್ಧಕ್ಕಿಂತ ಮೇಲೆ ಕಾಳು–ನೀರು ಬೇಡ. ಕಾಳು ಉಬ್ಬುತ್ತದೆ, ನೊರೆ ಏಳುತ್ತದೆ, ಸಿಪ್ಪೆ ತೇಲಿಬಂದು ಆವಿ ಹೋಗುವ ತೂತಿಗೆ ಅಂಟುತ್ತದೆ. ಸೀಟಿಯ ಜೊತೆ ಕಂದು ನೀರು ಚಿಮ್ಮಿ ಒಲೆಯ ಮೇಲೆಲ್ಲ ಹರಿದರೆ ಗೊತ್ತಾಗಲಿ, ಅಳತೆ ಮೀರಿದೆ. ಒಂದು ಚಮಚ ತೆಂಗಿನೆಣ್ಣೆ ಹಾಕಿದರೆ ನೊರೆ ತಗ್ಗುತ್ತದೆ.

ಸೀಟಿ ಎಣಿಸುವುದನ್ನು ಬಿಡಿ. ಒಬ್ಬರ ಕುಕ್ಕರಿನ ಸೀಟಿ ಇನ್ನೊಬ್ಬರ ಕುಕ್ಕರಿಗೆ ಲೆಕ್ಕವಲ್ಲ. ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣ ಮಾಡಿ ನಿಮಿಷ ನೋಡಿ: ನೆನೆದ ಅಲಸಂಡೆಗೆ 6–8, ಕಡಲೆಗೆ 20, ಹುರುಳಿಗೆ 20–25. ಮೊಳಕೆ ಹೆಸರಿಗೆ ಕುಕ್ಕರೇ ಬೇಡ. ಆವಿ ತಾನಾಗಿ ಇಳಿಯಲು ಬಿಡಿ, ಆ ಹತ್ತು ನಿಮಿಷದಲ್ಲೂ ಕಾಳು ಬೇಯುತ್ತಿರುತ್ತದೆ. ತೆಗೆದು ಹೆಬ್ಬೆರಳು–ತೋರುಬೆರಳಿನ ನಡುವೆ ಒತ್ತಿದರೆ ಬೆಣ್ಣೆಯ ಹಾಗೆ ಹರಡಬೇಕು, ನಡುವೆ ಸುಣ್ಣದಂಥ ಬಿಳಿ ತುಣುಕು ಉಳಿಯಬಾರದು.

ಹುಣಸೆಹುಳಿ, ಪುನರ್ಪುಳಿ, ಟೊಮೆಟೊ ಯಾವುದೂ ಕಾಳು ಪೂರ್ತಿ ಬೇಯುವ ಮೊದಲು ಬೀಳಕೂಡದು. ಹುಳಿ ತಾಗಿದೊಡನೆ ಸಿಪ್ಪೆ ಬಿಗಿಯುತ್ತದೆ, ಮತ್ತೆ ಬೇಯಿಸಿ ಉಪಯೋಗವಿಲ್ಲ. ಅಡಿಗೆ ಸೋಡಾ ಬೇಗ ಬೇಯಿಸುವುದು ಹೌದು, ಆದರೆ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ, ಹೆಚ್ಚಾದರೆ ಸಾಬೂನಿನ ರುಚಿಯೂ ಬರುತ್ತದೆ. ತೀರಾ ಹಳೆಯ ಕಾಳಿಗೆ ಒಂದು ಚಿಟಿಕೆ, ಅಷ್ಟೇ.

ರಾಜ್ಮಾದ ಮಾತೇ ಬೇರೆ, ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಜಾತಿಯ ಒಂದು ವಿಷವಸ್ತು ಉಂಟು. ನಾಲ್ಕೈದು ಹಸಿ ಕಾಳು ಹೊಟ್ಟೆಗೆ ಹೋದರೂ ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರುವಾಗಬಹುದು. ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಕುದಿಯುವ ಹಾಗೆ ಕಡಿಮೆಯೆಂದರೆ 10 ನಿಮಿಷ, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು, ಕುದಿಸಿಯೇ ಮುಂದಿನ ಕೆಲಸ. ಈಗ ಗಲ್ಫಿನಿಂದ ಬರುವವರು ತರುವ ನಿಧಾನ ಉರಿಯ ವಿದ್ಯುತ್ ಪಾತ್ರೆ, ಅಂದರೆ ಸ್ಲೋ ಕುಕ್ಕರ್, ಇದಕ್ಕೆ ಆಗದು. ಕುದಿಯದ ಬಿಸಿಯಲ್ಲಿ ಆ ವಿಷ ಕಡಿಮೆಯಾಗುವ ಬದಲು ಹೆಚ್ಚೂ ಆಗಬಹುದು.

5. ಬೆಳಗ್ಗಿನ ಹದಿನೈದು ನಿಮಿಷ

ಕಾಳು ಬೆಂದಿದೆ. ಪುಟ್ಟು–ಕಡಲೆ ನಿಮಗೆ ಗೊತ್ತಿರುವುದೇ, ಅದನ್ನು ನಾನು ಕಲಿಸಹೊರಟರೆ ನಗುತ್ತೀರಿ. ಹೊರಗಿನ ಊರುಗಳವರು ಏನು ಮಾಡುತ್ತಾರೆ, ನಮ್ಮ ಅಡುಗೆಮನೆಗೆ ಅದು ಹೇಗೆ ಹೊಂದುತ್ತದೆ ಎನ್ನುವುದನ್ನು ಹೇಳುತ್ತೇನೆ.

ಈಜಿಪ್ಟಿನ ಫೂಲ್. ಶಾರ್ಜಾ–ದುಬೈಗಳಲ್ಲಿ ದುಡಿದು ಬಂದವರಿಗೆ ಈ ಹೆಸರು ಗೊತ್ತು. ಫೂಲ್ ಮುದಮ್ಮಸ್ ಎನ್ನುವುದು ಫಾವಾ ಎಂಬ ದಪ್ಪ ಕಾಳನ್ನು ಇಡೀ ರಾತ್ರಿ ಸಣ್ಣ ಉರಿಯಲ್ಲಿ ಬೇಯಿಸಿ ಮಾಡುವ ತಿಂಡಿ. ಅಲ್ಲಿ ಅದಕ್ಕೆಂದೇ ಹೊಟ್ಟೆ ದೊಡ್ಡದಾಗಿ ಕತ್ತು ಕಿರಿದಾದ ಪಾತ್ರೆ ಇರುತ್ತದೆ. ಹಿಂದೆ ಕೈರೋದಲ್ಲಿ ಸಾರ್ವಜನಿಕ ಸ್ನಾನಗೃಹಗಳ ಒಲೆಯ ಕೆಂಡದಲ್ಲಿ ಈ ಪಾತ್ರೆಗಳನ್ನು ಹೂತಿಡುತ್ತಿದ್ದರಂತೆ. ಅದನ್ನು ಕೇಳಿದಾಗ ನನಗೆ ನೆನಪಾದದ್ದು ನಮ್ಮ ಬಚ್ಚಲ ಒಲೆ. ರಾತ್ರಿ ಎಲ್ಲರ ಸ್ನಾನ ಮುಗಿದ ಮೇಲೂ ಹಂಡೆಯ ಅಡಿಯಲ್ಲಿ ತೆಂಗಿನ ಗೆರಟೆಯ ಕೆಂಡ ಬೆಳಗಿನ ತನಕ ಬೂದಿಯೊಳಗೆ ಉಸಿರಾಡುತ್ತಿರುತ್ತದಲ್ಲ, ಅದೇ ಬಿಸಿ. ನೆನೆದ ಕಡಲೆಯನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ದಪ್ಪ ತಳದ ಪಾತ್ರೆಗೆ ಹಾಕಿ, ಕಾಳಿನ ಮೇಲೆ ನಾಲ್ಕು ಬೆರಳು ಬಿಸಿನೀರು ನಿಲ್ಲಿಸಿ, ಮುಚ್ಚಿ, ಆ ಬೂದಿಯ ನಡುವೆ ಕೂರಿಸಿ. ಕೆಂಡ ಸಾಕಷ್ಟಿರಬೇಕು. ಬೆಳಿಗ್ಗೆ ತೆಗೆಯುವಾಗಲೂ ಪಾತ್ರೆ ಕೈ ಸುಡುವಷ್ಟು ಬಿಸಿಯಿದ್ದರೆ ಸರಿ. ಕೆಂಡ ಆರಿ ಪಾತ್ರೆ ಉಗುರುಬೆಚ್ಚಗಾಗಿದ್ದರೆ ಅದನ್ನು ತಿನ್ನಬೇಡಿ.

ಫಾವಾ ಟಿನ್ನಿನಲ್ಲಿ ಸಿಗುತ್ತದೆ. ಸಿಗದಿದ್ದರೆ ಅಲಸಂಡೆಯೋ ಕಡಲೆಯೋ ಇರಲಿ, ರುಚಿ ಅದೇ ಅಲ್ಲ, ಆದರೆ ಕೆಟ್ಟದ್ದಲ್ಲ. ಬೆಂದ ಎರಡು ಕಪ್ ಕಾಳಿನಲ್ಲಿ ಮೂರನೇ ಒಂದು ಪಾಲನ್ನು ಸೌಟಿನ ಬೆನ್ನಿನಿಂದ ಜಜ್ಜಿ. ಎರಡು ಎಸಳು ಬೆಳ್ಳುಳ್ಳಿಯನ್ನು ಉಪ್ಪಿನೊಂದಿಗೆ ಗುದ್ದಿ ಹಾಕಿ, ಹುರಿದ ಜೀರಿಗೆ ಪುಡಿ ಅರ್ಧ ಚಮಚ ಸೇರಿಸಿ ಒಂದು ಕುದಿ ಬರಿಸಿ. ಒಲೆಯಿಂದ ಇಳಿಸಿದ ಮೇಲೆ ಲಿಂಬೆರಸ, ಮೇಲಿಂದ ಎಣ್ಣೆ. ಅವರು ಹಾಕುವುದು ಆಲಿವ್ ಅಥವಾ ಅಗಸೆ ಎಣ್ಣೆ. ತೆಂಗಿನೆಣ್ಣೆ ಹಾಕಿದರೆ ಈಜಿಪ್ಟು ಹೋಗಿ ಬದಿಯಡ್ಕ ಬರುತ್ತದೆ. ನನಗೇನೋ ಅದೂ ಇಷ್ಟವೇ. ಹೆಚ್ಚಿದ ನೀರುಳ್ಳಿ, ಬೇಯಿಸಿದ ಮೊಟ್ಟೆ, ಜೊತೆಗೆ ಚಪಾತಿ.

ಕೋಸ್ಟರಿಕದ ಗಾಯೊ ಪಿಂಟೊ. ಹೆಸರಿನ ಅರ್ಥ ಚುಕ್ಕೆ ಹುಂಜ. ನಿನ್ನೆಯ ಅನ್ನ, ರಾಜ್ಮಾ ಜಾತಿಯ ಬೆಂದ ಕಪ್ಪು ಕಾಳು. ಪಕ್ಕದ ನಿಕರಾಗುವದಲ್ಲಿ ಕೆಂಪು ಕಾಳು. ಇದು ನಮ್ಮದೆಂದು ಎರಡೂ ದೇಶದವರ ವಾದ, ನೀರ್‌ದೋಸೆಗೆ ನಮ್ಮಲ್ಲಿ ನಡೆಯುವ ಹಾಗೆ. ನೀರುಳ್ಳಿ, ದೊಣ್ಣೆಮೆಣಸು ಬಾಡಿಸಿ, ಕಾಳನ್ನು ಅದರ ಕಟ್ಟಿನ ಸಮೇತ ಹಾಕಿ, ಅನ್ನ ಬೆರೆಸಿ ನೀರು ಆರುವ ತನಕ ಕೈಯಾಡಿಸಿ, ಕೊತ್ತಂಬರಿ ಸೊಪ್ಪು ಉದುರಿಸಿ. ನಮ್ಮ ಕುಚ್ಚಲಕ್ಕಿ ಅನ್ನ ಇದಕ್ಕೆ ಹೇಳಿಮಾಡಿಸಿದ ಹಾಗೆ ಹೊಂದುತ್ತದೆ, ಕಾಳಿನ ಜೊತೆ ಕಲಸಿದರೂ ಮುದ್ದೆಯಾಗುವುದಿಲ್ಲ. ಎಚ್ಚರ ಬೇಕಾದದ್ದು ಅನ್ನದ ವಿಷಯದಲ್ಲಿ. ರಾತ್ರಿ ಮುಚ್ಚಿ ಹೊರಗೇ ಇಟ್ಟ ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಊಟ ಮುಗಿದ ಕೂಡಲೇ ಅನ್ನ ಹರಡಿ ಆರಿಸಿ ಫ್ರಿಜ್ಜಿಗೆ ಸೇರಿಸಿ.

ನೈಜೀರಿಯದ ಅಕಾರಾ. ನಮ್ಮ ಅಲಸಂಡೆಯ ತವರು ಆಫ್ರಿಕ. ಅಲ್ಲಿ ಅದನ್ನು ಸಿಪ್ಪೆ ತೆಗೆದು ಅರೆದು, ವಡೆಯಂತೆ ಕರಿದು, ಮೆಕ್ಕೆಜೋಳದ ಹುಳಿಗಂಜಿಯೊಟ್ಟಿಗೆ ಬೆಳಿಗ್ಗೆ ತಿನ್ನುತ್ತಾರೆ. ಗುಲಾಮರಾಗಿ ಬ್ರೆಜಿಲಿಗೆ ಸಾಗಿಸಲ್ಪಟ್ಟವರೊಂದಿಗೆ ಈ ತಿಂಡಿಯೂ ಕಡಲು ದಾಟಿತು, ಅಲ್ಲಿನ ಬಾಹಿಯಾದಲ್ಲಿ ಇವತ್ತಿಗೂ ಅಕಾರಜೆ ಎಂದು ಬೀದಿಯಲ್ಲಿ ಮಾರುತ್ತಾರೆ. ಮಾಡಲು ಬಿಳಿ ಅಲಸಂಡೆ ಒಳ್ಳೆಯದು. ನೆನೆದ ಕಾಳನ್ನು ನೀರಿನಲ್ಲಿ ಎರಡು ಕೈಯಿಂದ ಉಜ್ಜಿದರೆ ಸಿಪ್ಪೆ ತೇಲುತ್ತದೆ, ಚೆಲ್ಲಿ, ಮತ್ತೆ ಉಜ್ಜಿ. ಎಷ್ಟು ಸಾಧ್ಯವೋ ಅಷ್ಟು ಕಡಿಮೆ ನೀರಿನಲ್ಲಿ ನುಣ್ಣಗೆ ಅರೆದು, ಉದ್ದಿನ ಹಿಟ್ಟಿನ ಹಾಗೆ ಕೈಯಿಂದ ಬಡಿದು ಗಾಳಿ ತುಂಬಿಸಿ. ನೀರುಳ್ಳಿ, ಹಸಿಮೆಣಸು ಸೇರಿಸಿ. ಉಪ್ಪು ಕರಿಯುವ ಹೊತ್ತಿಗೆ, ಮೊದಲೇ ಹಾಕಿದರೆ ಹಿಟ್ಟು ನೀರಾಗುತ್ತದೆ. ನನ್ನ ಮೊದಲ ಸಲದ ಅಕಾರಾ ಬಾಣಲೆಯಲ್ಲಿ ಹರಡಿ ಒಂದೇ ದೊಡ್ಡ ಹಪ್ಪಳವಾಯಿತು, ಮಿಕ್ಸಿ ತಿರುಗಲಿಲ್ಲವೆಂದು ಅರ್ಧ ಲೋಟ ನೀರು ಸುರಿದದ್ದರ ಫಲ. ವಾರದ ದಿನಕ್ಕೆ ಇದು ಬೇಡ, ಭಾನುವಾರಕ್ಕಿರಲಿ.

ಬರ್ಮಾದ ಪೆ ಬ್ಯೋ. ಬಟಾಣಿಯನ್ನು ಸ್ವಲ್ಪವೇ ಮೊಳಕೆ ಬರಿಸಿ, ಬೇಯಿಸಿ, ಕರಿದ ನೀರುಳ್ಳಿ ಮತ್ತು ಎಣ್ಣೆಯೊಂದಿಗೆ ನಾನ್ ಅಥವಾ ಅನ್ನಕ್ಕೆ ಕಲಸುತ್ತಾರೆ. ಇದಕ್ಕಿಂತ ಸುಲಭದ್ದು ಇಲ್ಲ. ನಮ್ಮ ಅಕ್ಕಿ ಪುಂಡಿಯ ಜೊತೆ ಒಮ್ಮೆ ನೋಡಿ.

ಇಂಗ್ಲಿಷರ ಬೇಕ್ಡ್ ಬೀನ್ಸ್ ಟಿನ್ನಿನ ಬಗ್ಗೆಯೂ ಕೇಳುತ್ತಾರೆ. ಅದು ಹುಟ್ಟಿನಲ್ಲಿ ಅಮೆರಿಕದ ಸರಕು. 1886ರಲ್ಲಿ ಲಂಡನ್ನಿನ ದುಬಾರಿ ಅಂಗಡಿಯೊಂದರಲ್ಲಿ ಮಾರಾಟಕ್ಕೆ ಬಂದು, ಆಮೇಲೆ ಬಡವರ ಟೋಸ್ಟಿನ ಮೇಲೂ ಕೂತಿತು. ಟೊಮೆಟೊ ಸಾಸಿನಲ್ಲಿ ಸಕ್ಕರೆ ಉಂಟು, ಟಿನ್ನಿನ ಹಿಂಬದಿ ಓದಿ ಕೊಳ್ಳಿ. ಜಪಾನಿನ ನಾಟ್ಟೊ, ಅಂದರೆ ಹುಳಿಬರಿಸಿ ನೂಲುನೂಲಾಗಿಸಿದ ಸೋಯಾ, ಅದನ್ನು ನಮ್ಮ ಸೆಕೆಯಲ್ಲಿ ಅಂದಾಜಿನ ಮೇಲೆ ಮಾಡಹೋಗಬೇಡಿ.

6. ಹೊಟ್ಟೆಗೆ ಅಭ್ಯಾಸ ಮಾಡಿಸುವುದು

ಮೊದಲ ವಾರ ಅರ್ಧ ಹಿಡಿ, ಅದೂ ದಿನ ಬಿಟ್ಟು ದಿನ. ಹೆಸರಿನಿಂದ ಶುರು ಮಾಡಿ, ಆಮೇಲೆ ಅಲಸಂಡೆ, ಕಡಲೆ. ಹುರುಳಿ ಕೊನೆಗೆ. ಕಂಬಳದ ಕೋಣಗಳಿಗೆ ತಿನ್ನಿಸುವ ಕಾಳು ಅದು, ಮೊದಲ ದಿನವೇ ಬಟ್ಟಲು ತುಂಬ ತಿಂದರೆ ಮಧ್ಯಾಹ್ನದವರೆಗೆ ನೆನಪಿಸುತ್ತಿರುತ್ತದೆ. ಒಗ್ಗರಣೆಗೆ ಇಂಗು, ಜೀರಿಗೆ ಇರಲಿ. ಎರಡು–ಮೂರು ವಾರದಲ್ಲಿ ಹೆಚ್ಚಿನವರಿಗೆ ಒಗ್ಗುತ್ತದೆ.

ಸಕ್ಕರೆ ಕಾಯಿಲೆಯವರ ಪ್ರಶ್ನೆಗೆ ಈಗ ಬರೋಣ. ತಿಂದದ್ದು ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ಅಳೆಯುವ ಗ್ಲೈಸೆಮಿಕ್ ಇಂಡೆಕ್ಸ್ ಎಂಬ ಮಾಪನವನ್ನು 1981ರಲ್ಲಿ ಟೊರೊಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮುಂದಿಟ್ಟರು. ಗ್ಲೂಕೋಸಿಗೆ 100 ಎಂದಿಟ್ಟರೆ ಬೇಯಿಸಿದ ಕಡಲೆ 30ರ ಆಸುಪಾಸು. ಆದ್ದರಿಂದ ಕಾಳು ಒಳ್ಳೆಯದೇ. ಆದರೆ ಜನ ಮಾಡುವುದೇನು? ಎರಡು ತುಂಡು ಪುಟ್ಟು ತಿನ್ನುವಲ್ಲಿ ಎರಡೂ ತಿಂದು, ಅದರ ಮೇಲೆ ಕಡಲೆ. ಪುಟ್ಟು ಒಂದಕ್ಕಿಳಿದು ಕಡಲೆ ಎರಡು ಸೌಟು ಆದರೆ ಮಾತ್ರ ಪ್ರಯೋಜನ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತಿಂಡಿಯ ಕ್ರಮ ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ.

7. ಇವರು ನಿಂತು ಯೋಚಿಸಬೇಕು

ಜಿ6ಪಿಡಿ ಎಂಬ ಕಿಣ್ವದ ಹುಟ್ಟು ಕೊರತೆ ಇರುವವರು ಫಾವಾ ಕಾಳನ್ನು ಮುಟ್ಟಬಾರದು, ಕೆಂಪು ರಕ್ತಕಣಗಳು ಒಡೆಯುತ್ತವೆ. ಫೂಲ್ ಟಿನ್ ತೆರೆಯುವ ಮೊದಲು ಮನೆಯಲ್ಲಿ ಯಾರಿಗಾದರೂ ಹಾಗೆ ಹೇಳಿದ್ದಾರಾ ವಿಚಾರಿಸಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆಯವರಿಗೆ ನಾಟ್ಟೊ ಆಗದು, ಅದರಲ್ಲಿ ಕೆ ಜೀವಸತ್ವ ತುಂಬಾ. ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ಕಾಳು ತಿನ್ನಬಹುದೆಂದು ನನ್ನನ್ನು ಕೇಳಬೇಡಿ, ನಿಮ್ಮ ರಿಪೋರ್ಟ್ ನೋಡುವ ಡಾಕ್ಟರನ್ನೇ ಕೇಳಿ.

8. ಉಳಿದದ್ದು

ವಾರಕ್ಕೆ ಎರಡು ಸಲ ಹೆಚ್ಚು ಬೇಯಿಸಿ, ಆರಿದ ಕೂಡಲೇ ಕಟ್ಟಿನ ಸಮೇತ ಡಬ್ಬಿಗೆ ಹಾಕಿ. ಕಟ್ಟಿಲ್ಲದೆ ಇಟ್ಟರೆ ಸಿಪ್ಪೆ ಒಣಗಿ ಒಡೆಯುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ, ಫ್ರೀಜರಿನಲ್ಲಿ ಒಂದೆರಡು ತಿಂಗಳು. ಮಳೆಗಾಲದಲ್ಲಿ ಕರೆಂಟು ಅರ್ಧ ದಿನ ಹೋಯಿತೆಂದರೆ ಮೂರು ದಿನದ ಲೆಕ್ಕ ಬಿಡಿ, ಮುಚ್ಚಳ ತೆಗೆದು ಮೂಸಿ, ಅನುಮಾನ ಬಂದರೆ ತೆಂಗಿನ ಬುಡಕ್ಕೆ ಸುರಿಯಿರಿ. ವಾಸನೆ ಬಾರದಿದ್ದರೂ ಡಬ್ಬಿ ತಣ್ಣಗಿಲ್ಲದಿದ್ದರೆ ಅದಕ್ಕೂ ತೆಂಗಿನ ಬುಡವೇ. ಒಂದು ತುಂಡು ಕಾಗದದಲ್ಲಿ ಬೇಯಿಸಿದ ತಾರೀಕು ಬರೆದು ಡಬ್ಬಿಗೆ ಅಂಟಿಸಿಡಿ.